ಆರು ದಿನದ ಸೃಷ್ಟಿ, ಏಳನೇ ದಿನದ ಗಂಜಿ

ಬೈಬಲಿನ ಮೊದಲ ಪುಟ ವಿವರಿಸುವುದು ಸುಲಭ ಅಂದುಕೊಂಡಿದ್ದೆ. ಆ ಒಂದು ಪುಟದಲ್ಲಿ ನಾನು ಬೆಪ್ಪಾದಷ್ಟು ಸಲ ಉಳಿದ ಇಡೀ ಪುಸ್ತಕದಲ್ಲಿ ಆಗಿಲ್ಲ. ಅರವತ್ತರ ದಶಕ. ನಾನು ಸಾಗರದಲ್ಲಿ ಪ್ರೈಮರಿ ಶಾಲೆ ಟೀಚರ್. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ದೊಡ್ಡವರಿಗೆ ಬೈಬಲ್ ಪಾಠ ಮಾಡುವ ಕೆಲಸವೂ ನನ್ನ ತಲೆಗೆ ಬಿದ್ದಿತ್ತು. ಒಂದು ವಾರ ಸಾಗರ, ಮುಂದಿನ ವಾರ ಹೊಸನಗರ, ಅದರ ಮುಂದಿನ ವಾರ ತೀರ್ಥಹಳ್ಳಿ. ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಹೋದ ಮೇಲೆ ಪಾಠ ಕಲಿಯುತ್ತಿದ್ದವಳು ನಾನೇ.

ಬೆಳಕು ಮೊದಲೋ, ದೀಪ ಮೊದಲೋ

ಸಾಗರದಲ್ಲಿ ಮೊದಲ ಪಾಠ. "ಮೊದಲನೇ ದಿನ ದೇವರು ಬೆಳಕಾಗಲಿ ಅಂದರು, ಬೆಳಕಾಯಿತು. ನಾಲ್ಕನೇ ದಿನ ಸೂರ್ಯಚಂದ್ರರನ್ನು ಮಾಡಿದರು" ಅಂದೆ.

ಬಸ್ ಮೆಕ್ಯಾನಿಕ್ ಒಬ್ಬರು ಎದ್ದು ನಿಂತರು. "ಅಲ್ಲ ಟೀಚರೇ, ಸೂರ್ಯ ಬಂದಿದ್ದೇ ನಾಲ್ಕನೇ ದಿನ. ಮೊದಲನೇ ದಿನದ ಬೆಳಕು ಎಲ್ಲಿಂದ ಬಂತು?"

ಸೆರಗಿನಲ್ಲಿ ಬೆವರು ಒರೆಸಿಕೊಂಡೆ. ಆಗ ಜೋಗದ ಕಡೆಯಿಂದ ಬರುತ್ತಿದ್ದ ಮುದುಕ ಬಡಗಿಯೊಬ್ಬರು ನನ್ನ ಮಾನ ಉಳಿಸಿದರು.

"ಅದ್ರಲ್ಲಿ ಎಂಥ ಕಷ್ಟ? ಅವ್ನು ಬೆಳಕು ಕೊಟ್ಟು ಆಮೇಲೆ ದೀಪ ಹಾಕ್ದ. ನಮ್ಮ ಕೇರೀಲಿ ಕಂಬ ನೆಟ್ಟು, ಬಲ್ಬ್ ಹಾಕಿ ಎರಡು ವರ್ಷ ಆಯ್ತು, ಬೆಳಕು ಇನ್ನೂ ಬರಲಿಲ್ಲ. ಅದಕ್ಕೇ ಅವ್ನು ದೇವರು, ಇವ್ರು ಇಂಜಿನಿಯರು!"

ವಿಶ್ರಾಂತಿ ದಿನ

ಹೊಸನಗರದಲ್ಲಿ ಏಳನೇ ದಿನದ ಪಾಠ. "ದೇವರೇ ಒಂದು ದಿನ ಕೆಲಸ ನಿಲ್ಲಿಸಿದರು. ನಾವೂ ನಿಲ್ಲಿಸಬೇಕು, ಮನೆಯವರಿಗೂ ಬಿಡುವು ಕೊಡಬೇಕು" ಅಂತ ಹೇಳಿ ಬಂದೆ. ಮೂರು ವಾರ ಬಿಟ್ಟು ಹೋದರೆ ಅಲ್ಲಿನ ದರ್ಜಿ ಬಾಗಿಲಲ್ಲೇ ಕಾಯುತ್ತಿದ್ದಾರೆ.

"ಎಂಥ ಹೇಳಿಕೊಟ್ರಿ ಟೀಚರೇ? ನಮ್ಮನೆಯವ್ಳು ಭಾನುವಾರ ಒಲೆ ಹಚ್ಚೋದಿಲ್ಲ ಅಂತಾಳೆ!"

"ನೀವು ಹಚ್ಚಿ."

ಹಠದ ಮನುಷ್ಯ, ಹಚ್ಚಿಯೇ ಬಿಟ್ಟರು. ಮುಂದಿನ ಸಲ ಅವರ ಹೆಂಡತಿ ನಗುನಗುತ್ತಾ ಬಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಕೂತು ಬಡಿಸಿಕೊಂಡು ಉಂಡಿದ್ದು ಅದೇ ಮೊದಲಂತೆ.

"ಅನ್ನ ಹೇಗಿತ್ತು?" ಅಂತ ಕೇಳಿದೆ.

"ಅನ್ನ ಎಲ್ಲಿ, ಗಂಜಿ! ಅವ್ರಿನ್ನೂ ಎರಡನೇ ದಿನದಲ್ಲೇ ಇದಾರೆ ಟೀಚರೇ. ನೀರು ಬೇರೆ, ನೆಲ ಬೇರೆ ಆಗೋ ಮೂರನೇ ದಿನ ಇನ್ನೂ ಬರ್ಲಿಲ್ಲ."

ದೇವರ ಹೋಲಿಕೆ

ತೀರ್ಥಹಳ್ಳಿಯಲ್ಲಿ ಒಬ್ಬರು ಅಜ್ಜಿ ಇದ್ದರು. ಅವರ ಕೋಳಿಗಳು ಪಕ್ಕದ ಮನೆಯಾಕೆಯ ಬಸಳೆ ಪಾತಿ ಕೆದಕಿದ್ದಕ್ಕೆ ಇಬ್ಬರಿಗೂ ಎಂಟು ವರ್ಷದಿಂದ ಮಾತಿಲ್ಲ. ಪ್ರಾರ್ಥನೆಗೆ ಬಂದರೂ ಒಬ್ಬರು ಆ ಗೋಡೆಗೆ, ಒಬ್ಬರು ಈ ಗೋಡೆಗೆ.

ಅವತ್ತು ಪಕ್ಕದ ಮನೆಯಾಕೆ ಬಂದಿರಲಿಲ್ಲ. ಜ್ವರ ಬಂದು ಒಬ್ಬರೇ ಮಲಗಿದ್ದಾರೆ ಅಂತ ಯಾರೋ ಹೇಳಿದರು. ದೇವರು ಮನುಷ್ಯರನ್ನೆಲ್ಲ ತನ್ನ ಹೋಲಿಕೆಯಲ್ಲೇ ಮಾಡಿದನು ಎಂಬ ಪಾಠವನ್ನು ನಾನು ಅಜ್ಜಿಯ ಕಡೆಗೇ ತಿರುಗಿ ಹೇಳಿದೆ.

"ಎಲ್ಲರನ್ನೂವಾ? ಪಕ್ಕದ್ಮನೆಯವಳನ್ನೂ?"

"ಅವರನ್ನೂ, ಅಜ್ಜಿ."

"ಎಷ್ಟನೇ ದಿನ ಮಾಡಿದ್ದು?"

"ಆರನೇ ದಿನ."

"ಸಂಜೆ ಹೊತ್ತಿಗೆ ಇರಬೇಕು. ಪಾಪ, ದೇವರಿಗೂ ಸುಸ್ತಾಗಿತ್ತು."

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಪಾಠ ಮುಗಿಯುವ ಮೊದಲೇ ಎದ್ದು ಹೋದರು. ಸಿಟ್ಟು ಬಂತೇನೋ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕಸಿವಿಸಿ.

ಮೂರು ವಾರದ ಮೇಲೆ ಹೋದರೆ ಇಬ್ಬರೂ ಒಂದೇ ಬೆಂಚಿನಲ್ಲಿ! ಅಜ್ಜಿ ಅವತ್ತು ನೆಟ್ಟಗೆ ಪಕ್ಕದ ಮನೆಗೇ ಹೋಗಿ, ಮೆಣಸಿನ ಸಾರು ಮಾಡಿಕೊಟ್ಟು, ಜ್ವರ ಬಿಡುವವರೆಗೆ ಅಲ್ಲೇ ಇದ್ದರಂತೆ. ನನ್ನ ಕಣ್ಣು ತುಂಬಿತು.

"ಅಜ್ಜಿ, ಹಾಗಾದ್ರೆ ದೇವರ ಹೋಲಿಕೆ ಕಾಣ್ತಾ?"

"ಕಾಣ್ತು ಮಾರಾಯ್ತಿ. ಜ್ವರದಲ್ಲಿ ಬಾಯಿ ಮುಚ್ಚಿ ಮಲಗಿದ್ದಾಗ ಥೇಟ್ ದೇವರೇ. ಕಣ್ಣು, ಮೂಗು ಎಲ್ಲಾ ಅವನದ್ದೇ. ನಾಲಿಗೆ ಮಾತ್ರ ಇವಳ ಸ್ವಂತದ್ದು!"

ಪಕ್ಕದ ಮನೆಯಾಕೆ ಅಜ್ಜಿಯ ಕೈ ಬಿಡದೆ ನನಗೆ ಹೇಳಿದರು: "ಎಂಟು ವರ್ಷದ ಬೈಗುಳ ಹೊಟ್ಟೇಲೇ ಉಳ್ಕಂಡಿತ್ತು ಟೀಚರೇ. ಪುಣ್ಯಾತ್ಗಿತ್ತಿ ಮನೆಗೇ ಬಂದು ಕೂತ್ಲು, ಎಲ್ಲಾ ಬೈದು ಮುಗಿಸ್ದೆ, ನಂಗೆ ಅರ್ಧ ಜ್ವರ ಅದರಲ್ಲೇ ಇಳೀತು!"