ಭಾವನವರ ಪಿಸ್ತೂಲಿಗೆ ಅಕ್ಷತೆ

ನಮ್ಮ ಭಾವನವರು ಯಾವ ವಸ್ತುವನ್ನಾದರೂ ಅಂಗಡಿಯಿಂದ ತಂದ ಹಾಗೇ ಬಳಸಿದ್ದನ್ನು ಈ ಭೂಮಿಯ ಮೇಲೆ ಯಾರೂ ನೋಡಿಲ್ಲ. ಕುಕ್ಕರು ತಂದರೆ ಅದರ ಹಿಡಿ ಬದಲಾಗಬೇಕು, ಗ್ಯಾಸ್ಕೆಟ್ಟು ಬದಲಾಗಬೇಕು, ವಿಶಲ್ಲು ಬದಲಾಗಬೇಕು. ಕೊನೆಗೆ ಹಳೆಯದೆಂದು ಉಳಿಯುವುದು ಒಳಗಿನ ತೊಗರಿಬೇಳೆ ಮಾತ್ರ! ಸೈಕಲ್ಲು, ಕಾರು, ಕಾಫಿ ಫಿಲ್ಟರು, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡಿಲ್ಲ. ನಮ್ಮ ಅಕ್ಕನಿಗೆ ಬಿಡಿಭಾಗಗಳು ಸಿಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆ ಮದುವೆಯಾದಾಗ ಹೇಗಿದ್ದಳೋ ಹಾಗೇ ಇದ್ದಾಳೆ.

ಇದರ ಮೇಲೆ ಇನ್ನೊಂದು ವ್ರತವಿದೆ. ಹೊಸ ಸಾಮಾನನ್ನು ಅವರು ಮುಟ್ಟುವುದಿಲ್ಲ. ಯಾಕೆಂದು ಕೇಳಿದರೆ, "ಹೊಸದರಲ್ಲಿ ನಮಗೇನೋ ಕೆಲಸ? ಸುಮ್ನೆ ಉಪಯೋಗಿಸ್ಬೇಕು ಅಷ್ಟೇ" ಎನ್ನುತ್ತಾರೆ. ಸುಮ್ಮನೆ ಉಪಯೋಗಿಸುವುದು ಮೈಸೂರಿನ ಇಂಜಿನಿಯರಿಗೆ ಅವಮಾನ ಎಂಬುದು ಅವರ ಭಾವನೆ.

ಇಂಥವರು ಒಂದು ಪಿಸ್ತೂಲು ಕೊಂಡರು.

ಕಾರಣ ತಮಾಷೆಯದಲ್ಲ. ನಾವೆಲ್ಲ ಬಂದು ನೆಲೆಸಿರುವ ಈ ಪರದೇಶದ ಫ್ರೀಮಾಂಟಿನಲ್ಲಿರುವ ಅವರ ಮನೆಗೆ ಒಂದು ಮಧ್ಯಾಹ್ನ ಕಳ್ಳರು ನುಗ್ಗಿದ್ದರು. ನಮ್ಮವರ ಮನೆಗಳಲ್ಲಿ ಚಿನ್ನವಿರುತ್ತದೆಂದು ಊರಿಗೆಲ್ಲ ಗೊತ್ತು. ಅಕ್ಕ ಮಹಡಿಯ ಬಟ್ಟೆ ಕ್ಲೋಸೆಟ್ಟಿನಲ್ಲಿ ಅವಿತುಕೊಂಡಳು. ಕಳ್ಳರು ಕೈಗೆ ಸಿಕ್ಕಿದ್ದು ತೆಗೆದುಕೊಂಡು ಹೋದರು. ಭಾವ ಆಗ ಕೊಲ್ಲಿಯ ಆಚೆ ಪಾಲೋ ಆಲ್ಟೋದ ಆಫೀಸಿನಲ್ಲಿ. ಆ ದಿನದಿಂದ ಅಕ್ಕ ಮನೆಯಲ್ಲಿ ಒಬ್ಬಳೇ ಇರುವುದನ್ನು ಬಿಟ್ಟಳು. ಬೆಳಿಗ್ಗೆ ಭಾವ ಹೊರಟ ಕೂಡಲೇ ತಾನೂ ಬಾಗಿಲು ಹಾಕಿಕೊಂಡು ಲೈಬ್ರರಿ, ಪಾರ್ಕು, ಇಂಡಿಯನ್ ಗ್ರೋಸರಿ ಎಂದು ಸಂಜೆಯ ತನಕ ಅಲೆಯುತ್ತಿದ್ದಳು. ಏನೂ ಕೊಳ್ಳದೆ ಕೊತ್ತಂಬರಿ ಸೊಪ್ಪಿನ ಮುಂದೆ ನಿಂತಿದ್ದ ಅವಳನ್ನು ನಾನೇ ಒಮ್ಮೆ ಕಂಡು, ಮಾತಾಡಿಸಲು ಧೈರ್ಯ ಸಾಲದೆ ಹಿಂದಿರುಗಿದ್ದೆ. ಅವಳನ್ನು ಮತ್ತೆ ಅವಳ ಅಡುಗೆಮನೆಯಲ್ಲಿ ನೆಮ್ಮದಿಯಾಗಿ ನಿಲ್ಲಿಸಬೇಕು, ಇದೊಂದೇ ಭಾವನವರ ಚಿಂತೆ. ಆದರೆ ಅವರ ಚಿಂತೆ ಹೊರಗೆ ಬರುವಾಗ ಸ್ಕ್ರೂ ಡ್ರೈವರು ಹಿಡಿದೇ ಬರುತ್ತದೆ!

ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ಗಡ್ಡ ಬಿಟ್ಟ ದಢೂತಿ ಅಂಗಡಿಯವನು ಸೆಕೆಂಡ್ ಹ್ಯಾಂಡ್ ಪಿಸ್ತೂಲುಗಳ ಗಾಜಿನ ಪೆಟ್ಟಿಗೆ ತೋರಿಸಿದ. ಭಾವ ಒಂದನ್ನು ಆರಿಸಿ, ಮೈಸೂರಿನಲ್ಲಿ ಹಳೇ ಸ್ಕೂಟರು ಕೊಳ್ಳುವವರ ಗತ್ತಿನಲ್ಲಿ ಅದು ಎಷ್ಟು ಓಡಿದೆ, ಎಷ್ಟು ಕೈ ಬದಲಾಗಿದೆ ಎಂದು ವಿಚಾರಿಸಿದರು. ರಿಟೈರಾದ ಒಬ್ಬ ಮೇಷ್ಟರದು, ಬಳಸಿದ್ದೇ ಕಡಿಮೆ ಎಂದ ಅವನು. ಭಾವನ ಮುಖ ಅರಳಿತು. ಊರಿನಲ್ಲಿ ಡಾಕ್ಟರು ಓಡಿಸಿದ ಕಾರು ಸಿಕ್ಕವರ ಸಂತೋಷ ಅದು.

ಇಲ್ಲಿ ದುಡ್ಡು ಕೊಟ್ಟ ದಿನವೇ ಪಿಸ್ತೂಲು ಕೈಗೆ ಕೊಡುವುದಿಲ್ಲ. ನಮ್ಮ ಜಾತಕ ಸರ್ಕಾರಕ್ಕೆ ಹೋಗಿ ಕೂಡಿಬರುವ ತನಕ ಕಾಯಬೇಕು. ಆ ಬಿಡುವಿನಲ್ಲಿ ಭಾವ ಸುಮ್ಮನಿದ್ದಾರೆಯೇ? ಹಳೇ ಪಿಸ್ತೂಲಿನ ಸ್ಪ್ರಿಂಗು ಬದಲಿಸಿ, ಉಳಿದ ದುಡ್ಡನ್ನು ಗುಂಡಿಗೂ ಅಭ್ಯಾಸಕ್ಕೂ ಖರ್ಚು ಮಾಡಿ, ಅಲಂಕಾರ ಆಮೇಲೆ ಎಂದು ಅಂಗಡಿಯವನು ಬುದ್ಧಿ ಹೇಳಿದ್ದ. ಭಾವ ಸ್ಪ್ರಿಂಗನ್ನೂ ತರಿಸಿದರು, ಅಲಂಕಾರವನ್ನೂ ತರಿಸಿದರು. ಬೆವರಿದ ಕೈ ಜಾರದಂತೆ ರಬ್ಬರಿನ ಹಿಡಿ. ಗುರಿ ನೋಡುವ ತುದಿಗೆ ಕತ್ತಲಲ್ಲಿ ಹಸಿರಾಗಿ ಹೊಳೆಯುವ ಚುಕ್ಕೆ. ನಳಿಕೆಯ ಕೆಳಗೆ ಟಾರ್ಚು. ಕೊನೆಗೆ ಪಿಸ್ತೂಲು ಕೈಗೆ ಬಂತು. ಟಾರ್ಚು ಹಾಕಿದ ಮೇಲೆ ಅದು ತನ್ನ ಚೀಲಕ್ಕೆ ಹಿಡಿಸಲಿಲ್ಲ. ದೊಡ್ಡ ಚೀಲ ಬಂತು. ದೊಡ್ಡ ಚೀಲ ಬೀಗದ ಪೆಟ್ಟಿಗೆಗೆ ಹಿಡಿಸಲಿಲ್ಲ. ದೊಡ್ಡ ಪೆಟ್ಟಿಗೆ ಬಂತು. ಪೆಟ್ಟಿಗೆಗೆ ಕಪಾಟಿನಲ್ಲಿ ಜಾಗವಾಗಲೆಂದು ಅಕ್ಕನ ರೇಷ್ಮೆ ಸೀರೆಗಳೆಲ್ಲ ಗರಾಜಿಗೆ ಹೋದವು. ಇನ್ನು ಕಳ್ಳರಿಗೆ ಮನೆಯೊಳಗೆ ಬರುವ ತೊಂದರೆಯೂ ಉಳಿಯಲಿಲ್ಲ!

ಆ ಪೆಟ್ಟಿಗೆ ಬೆರಳಿನ ಗುರುತು ನೋಡಿ ತೆರೆಯುವಂಥದ್ದು. ಒಂದು ಭಾನುವಾರ ಊಟವಾದ ಮೇಲೆ ನಮಗೆಲ್ಲ ಪ್ರಾತ್ಯಕ್ಷಿಕೆ ಏರ್ಪಾಡಾಯಿತು. ಭಾವ ಹೆಬ್ಬೆರಳು ಒತ್ತಿದರು. ಪೆಟ್ಟಿಗೆ ಕೆಂಪು ದೀಪ ತೋರಿಸಿ ಕೂತಿತು. ಒರೆಸಿ ಒತ್ತಿದರು, ಊದಿ ಒತ್ತಿದರು. ಸಾರನ್ನಕ್ಕೆ ಸುರಿದುಕೊಂಡ ತುಪ್ಪ ಬೆರಳಿಂದ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹೈಸ್ಕೂಲಿನಲ್ಲಿ ಓದುವ ಮಗಳು ಫೋನಿನಿಂದ ತಲೆ ಎತ್ತಿ, "ಅಪ್ಪಾ, ಜಸ್ಟ್ ಆಸ್ಕ್ ದ ಥೀವ್ಸ್ ಟು ಕಮ್ ಬಿಫೋರ್ ಡಿನ್ನರ್" ಎಂದಳು. ಬಹಳ ದಿನಗಳ ಮೇಲೆ ಅಕ್ಕ ನಕ್ಕಿದ್ದು ಅವತ್ತೇ.

ಅಷ್ಟರಲ್ಲಿ ನವರಾತ್ರಿ ಬಂತು. ಪ್ರತಿ ವರ್ಷ ಆಯುಧಪೂಜೆಯ ದಿನ ಕಾರುಗಳಿಗೂ ಲ್ಯಾಪ್‌ಟಾಪಿಗೂ ಮಿಕ್ಸಿಗೂ ಕುಂಕುಮ ಹಚ್ಚಿ ತೃಪ್ತಿಪಡುತ್ತಿದ್ದ ಮನೆಯದು. ಈಗ ಮೊಟ್ಟಮೊದಲ ಬಾರಿಗೆ ನಿಜವಾದ ಆಯುಧವೇ ಇದೆ! ಭಾವ ಬಿಟ್ಟಾರೆಯೇ? ಮಡಿ ಉಟ್ಟು, ಪಿಸ್ತೂಲಿನಲ್ಲಿ ಏನೂ ಇಲ್ಲವೆಂದು ಮೇಲಿಂದ ಮೇಲೆ ನೋಡಿ, ಮಣೆಯ ಮೇಲೆ ಇಟ್ಟರು. ಗಂಧ, ಅರಿಶಿನ, ಕುಂಕುಮ, ಸೇವಂತಿಗೆ, ಕೊನೆಗೆ ಧಾರಾಳವಾಗಿ ಅಕ್ಷತೆ. ಟಾರ್ಚು ಹೊತ್ತಿಸಿದ್ದರಿಂದ ದೇವಿಯ ಮುಖದ ಮೇಲೆ ಬೆಳಕೂ ಬಿತ್ತು. ಪೂಜೆ ಸಾಂಗವಾಯಿತು.

ಮುಂದಿನ ಶನಿವಾರ ಶೂಟಿಂಗ್ ರೇಂಜಿಗೆ ಹೋದೆವು. ಅದು ಆ ಅಂಗಡಿಯ ಹಿಂಭಾಗದಲ್ಲೇ ಇದೆ. ಭಾವ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಏರಿಸಿ, ಗುಂಡು ತುಂಬಿದ ಮ್ಯಾಗಜಿನನ್ನು ಪಿಸ್ತೂಲಿನ ಹಿಡಿಯೊಳಗೆ ತಳ್ಳಿದರು. ಹೋಗಲಿಲ್ಲ. ಮತ್ತೆ ತಳ್ಳಿದರು. ಊಹೂಂ. ಅಲ್ಲಿನ ಮೇಲ್ವಿಚಾರಕಿ ಬಂದು ಮ್ಯಾಗಜಿನು ಪಕ್ಕಕ್ಕಿಟ್ಟು, ಪಿಸ್ತೂಲನ್ನು ತಲೆಕೆಳಗು ಮಾಡಿ ಕುಟ್ಟಿದಳು. ಮೊದಲು ಕೆಂಪು ಪುಡಿ ಉದುರಿತು. ಇಷ್ಟೊಂದು ತುಕ್ಕು ಹಿಡಿಸಿದ್ದೀರಲ್ಲ ಎಂದು ಗದರಿದಳು. ಆಮೇಲೆ ಹಳದಿಯಾದ ಅಕ್ಕಿಕಾಳುಗಳು ಒಂದೊಂದಾಗಿ ಬಿದ್ದವು. ಅವಳು ಒಂದನ್ನು ಬೆರಳ ತುದಿಯಲ್ಲಿ ಹಿಡಿದು ದೀಪಕ್ಕೆ ಒಡ್ಡಿ ನೋಡಿ, ಈ ಅಳತೆಯ ಗುಂಡನ್ನು ತನ್ನ ಸರ್ವೀಸಿನಲ್ಲಿ ಕಂಡಿಲ್ಲ ಎಂದಳು! ಭಾವ ಗಂಭೀರವಾಗಿ ನಮ್ಮ ಹಬ್ಬವನ್ನೂ ದೇವಿಯ ಮಹಿಮೆಯನ್ನೂ ವಿವರಿಸಿದರು. ಅವಳು ಎಲ್ಲ ಕೇಳಿಕೊಂಡು, ದೇವರಿಗೆ ಅಭ್ಯಂತರವಿಲ್ಲದಿದ್ದರೆ ಮುಂದಿನ ವರ್ಷ ಪೆಟ್ಟಿಗೆಗಷ್ಟೇ ಪೂಜೆ ಮಾಡಬಹುದಲ್ಲ ಎಂದು ಸೂಚಿಸಿದಳು.

ಶುದ್ಧ ಮಾಡಿದ ಮೇಲೆ ಭಾವ ಗುಂಡು ಹೊಡೆದರು. ಗುರಿಗೆಂದು ತೂಗುಹಾಕಿದ್ದ ಅವರ ಕಾಗದದ ಮನುಷ್ಯನಿಗೆ ಒಂದು ಗೀರೂ ಆಗಲಿಲ್ಲ. ಪಕ್ಕದವರ ಕಾಗದದ ಮನುಷ್ಯ ತೀರಿಕೊಂಡ.

ಇಷ್ಟಾದರೂ ಅಸಲು ಪ್ರಶ್ನೆ ಉಳಿದಿತ್ತು. ಮನೆಯಲ್ಲಿಡಲು ಯಾವ ಗುಂಡು? ಅವತ್ತೇ ಕೌಂಟರಿನಲ್ಲಿ ಗಡ್ಡದವನು ಎರಡು ಡಬ್ಬಿ ಇಟ್ಟು ಪಾಠ ಮಾಡಿದ. ಮೈಯೆಲ್ಲ ತಾಮ್ರದ ಹೊದಿಕೆಯಿರುವ ದುಂಡು ತುದಿಯದು ಅಗ್ಗ, ಅಭ್ಯಾಸಕ್ಕೆ ಸರಿ. ಆದರೆ ತಗುಲಿದ್ದನ್ನು ತೂರಿಕೊಂಡು ಆಚೆ ಹೋಗಬಹುದು. ತುದಿ ಟೊಳ್ಳಾಗಿರುವುದು ದುಬಾರಿ. ಹೊಕ್ಕ ಮೇಲೆ ಅರಳಿ ಒಳಗೇ ನಿಲ್ಲುತ್ತದೆ, ಮನೆಗೆ ಅದೇ ಮೇಲು.

ಭಾವ ಗೋಡೆಯನ್ನು ತೂರುತ್ತದೆಯೇ ಎಂದು ಕೇಳಿದರು. ಗುರಿ ತಪ್ಪಿದರೆ ನಿಮ್ಮ ತೆಳ್ಳನೆಯ ಜಿಪ್ಸಮ್ ಹಲಗೆಯ ಗೋಡೆಯನ್ನು ಎರಡೂ ತೂರುತ್ತವೆ, ಆಚೆ ಯಾರಿದ್ದಾರೆ ಎಂಬುದನ್ನು ಮೊದಲು ಯೋಚಿಸಿಕೊಳ್ಳಿ ಎಂದ ಅವನು. ತಮ್ಮ ಗುರಿಯ ವಿಚಾರ ಭಾವನಿಗೆ ಆಗತಾನೇ ಗೊತ್ತಾಗಿತ್ತು. ಅವರು ಅಲ್ಲೇ ರಸೀದಿಯ ಹಿಂಬದಿಯಲ್ಲಿ ಮನೆಯ ನಕ್ಷೆ ಬರೆದರು. ಎಡಕ್ಕೆ ಹೊಡೆದರೆ ಮಗಳ ಕೋಣೆ. ಬಲಕ್ಕೆ ಹೊಡೆದರೆ ಪಕ್ಕದ ಮನೆಯ ಪಂಜಾಬಿ ತಾತ ಪೇಪರು ಓದುವ ಕುರ್ಚಿ. ಎದುರಿಗೆ ಬೀದಿ, ಶಾಲೆಯ ಮಕ್ಕಳು. ಬಹಳ ಹೊತ್ತು ಪೆನ್ನು ಆಡಿಸಿ ನನ್ನತ್ತ ತಿರುಗಿದರು.

"ಕಳ್ಳನನ್ನ ದೇವರ ಮನೆ ಕಡೆ ನಿಲ್ಲಿಸಿದ್ರೆ ಮಾತ್ರ ಹೊಡೀಬಹುದು ಕಣೋ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಟೊಳ್ಳು ತುದಿಯ ಡಬ್ಬಿಯನ್ನು ಎತ್ತಿ, ಮೇಲೆ ಅಚ್ಚಾಗಿದ್ದ ಅರಳಿದ ಗುಂಡಿನ ಚಿತ್ರವನ್ನು ನೋಡಿದರು. ಅಂಗಡಿಯವನ ಕಡೆಗೆ ಮೆಲ್ಲಗೆ ಸರಿಸಿದರು. ಎರಡನ್ನೂ ಕೊಳ್ಳಲಿಲ್ಲ. ಒಂದೆರಡು ವಾರದಲ್ಲಿ ರಬ್ಬರಿನ ಹಿಡಿ, ಹಸಿರು ಚುಕ್ಕೆ, ಟಾರ್ಚು, ಚೀಲಗಳ ಸಮೇತ ಪಿಸ್ತೂಲು ಅದೇ ಗಾಜಿನ ಪೆಟ್ಟಿಗೆಗೆ ವಾಪಸಾಯಿತು. ಅಕ್ಕನ ಸೀರೆಗಳು ಒಳಗೆ ಬಂದವು. ಅಕ್ಕ ಮಾತ್ರ ಇನ್ನೂ ಲೈಬ್ರರಿಗೆ ಹೋಗುತ್ತಿದ್ದಳು.

ಆಮೇಲೆ ಭಾವ ಇನ್ನೂ ವಿಚಿತ್ರವಾದ ಕೆಲಸ ಮಾಡಿದರು. ಪಾಲೋ ಆಲ್ಟೋದ ದೊಡ್ಡ ಹುದ್ದೆ ಬಿಟ್ಟು, ಫ್ರೀಮಾಂಟಿನಲ್ಲೇ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಕಂಪನಿಗೆ ಸೇರಿಕೊಂಡರು. ಹಿಂದೆ ಅವರ ಕೈಕೆಳಗಿದ್ದವರ ಕೆಲಸ ಈಗ ಅವರದು. ಬಳಗದಲ್ಲೆಲ್ಲ ಗುಸುಗುಸು. ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ, ಊಟಕ್ಕೆ ನಡೆದು ಬಂದಿದ್ದ ಅವರನ್ನು ನಾನು ಕೆಣಕಿದೆ, ಎಲ್ಲವನ್ನೂ ಮೇಲೇರಿಸುವ ನೀವು ನೀವೇ ಕೆಳಗಿಳಿದಿರಲ್ಲ ಭಾವ ಎಂದು.

ಅವರು ಒಳಗೆ ಅಕ್ಕನಿಗೆ ಕೇಳಿಸದಂತೆ ಹೇಳಿದರು. ಆ ದಿನ ಅಕ್ಕ ಕ್ಲೋಸೆಟ್ಟಿನೊಳಗಿಂದ ಪೋಲೀಸರಿಗೆ ಫೋನು ಮಾಡಿ, ಆಮೇಲೆ ಇವರಿಗೂ ಮಾಡಿದ್ದಳಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಇವರು ಕಾರು ಹತ್ತಿ ಹೊರಟು, ಕೊಲ್ಲಿಯ ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಎರಡೂ ಪಕ್ಕ ನೀರು, ಮುಂದೆ ಸಾಲುಗಟ್ಟಿದ ಕಾರುಗಳು, ಕಿವಿಯಲ್ಲಿ ಅಕ್ಕನ ಉಸಿರು.

"ಕೆಳಗಡೆ ಕಳ್ಳರು ಡ್ರಾಯರ್ ಎಳೀತಿರೋ ಸದ್ದು ನನಗೂ ಕೇಳಿಸ್ತಿತ್ತು ಕಣೋ. ಇವಳು ಪಿಸುಗುಟ್ಟಿಕೊಂಡು ನನಗೆ ಹೇಳ್ತಾಳೆ, ಅವಸರ ಮಾಡ್ಬೇಡಿ, ನಿಧಾನವಾಗಿ ಬನ್ನಿ ಅಂತ." ದನಿಯನ್ನು ಇನ್ನೂ ತಗ್ಗಿಸಿದರು. "ಎಂಥಾ ಪಿಸ್ತೂಲು ತಂದಿಟ್ಟಿದ್ರೂ ನಾನು ಆ ಸೇತುವೆ ಮೇಲೇ ಇರ್ತಿದ್ದೆ."

ಇಷ್ಟು ವರ್ಷ ನಗುವುದಕ್ಕೆಂದೇ ಇಟ್ಟುಕೊಂಡಿದ್ದ ಈ ಮನುಷ್ಯನನ್ನು ನೆಟ್ಟಗೆ ನೋಡಲಾರದೆ ನಾನು ಅಡುಗೆಮನೆಯತ್ತ ತಿರುಗಿದೆ. ಒಳಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಹಗಲು ಹೊತ್ತಿನಲ್ಲಿ ಅಕ್ಕ ತನ್ನ ಅಡುಗೆಮನೆಯಲ್ಲಿದ್ದಾಳೆ ಎಂಬುದು ನನಗೆ ಆಗ ಹೊಳೆಯಿತು. ಊಟ ಮುಗಿಸಿ ಭಾವ ಆಫೀಸಿಗೆ ಹೊರಟರು. ಬಾಗಿಲಲ್ಲಿ ಕೂತು ಶೂ ಕಟ್ಟುತ್ತ, ಬರ್ತೀನಿ ಎಂದು ಒಳಕ್ಕೆ ಕೂಗಿದರು.

"ನಿಧಾನವಾಗಿ ಹೋಗಿ" ಎಂದಳು ಅಕ್ಕ, ಒಳಗಿನಿಂದಲೇ.

ಶೂ ಕಟ್ಟಿ ಮುಗಿದಿತ್ತು. ಆದರೂ ಭಾವ ಇನ್ನಷ್ಟು ಹೊತ್ತು ತಲೆ ಬಗ್ಗಿಸಿಕೊಂಡು ಅಲ್ಲೇ ಕೂತಿದ್ದರು.