ನನ್ನ ಕೈಯಲ್ಲಿ ಒಣಗಿದ ಟೊಮೆಟೊ ಗಿಡಗಳು

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮರ್ಯಾದೆ ಹೋಗುವ ಪ್ರಸಂಗಗಳು ಕಡಿಮೆಯಾಗುತ್ತವೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಮೊದಲು ಶಾಲೆಯಲ್ಲಿ ಹೋಗುತ್ತಿತ್ತು, ಈಗ ಹಿತ್ತಲಲ್ಲಿ ಹೋಗುತ್ತದೆ.

ರೋಗಿಯ ಜೊತೆ ಭಟ್ಕಳಕ್ಕೆ

ಡಿಸೆಂಬರಿನಲ್ಲಿ ನೆಟ್ಟ ಹನ್ನೆರಡು ಟೊಮೆಟೊ ಗಿಡ ಏಪ್ರಿಲ್ ಕೊನೆಗೆ ಒಣಗತೊಡಗಿದವು. ಕಿತ್ತು ಜಾಗ ಕೊಡಿ, ಮಳೆಗೆ ಮೊದಲು ಬಸಳೆ ಚಪ್ಪರ ಹಾಕಬೇಕು ಎಂದು ಹೆಂಡತಿ ದಿನಾ ಹೇಳುತ್ತಿದ್ದಳು. ನನಗೆ ಮನಸ್ಸು ಬರಲಿಲ್ಲ. ಇದು ರೋಗವೇ, ಮದ್ದು ಹೊಡೆದರೆ ಚಿಗುರುತ್ತವೆ ಎಂದು ವಾದಿಸಿದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಹಮ್ಮು ಅದು.

ಒಂದು ಗಿಡವನ್ನು ಬೇರುಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾಯ್ಕಿಣಿಯಿಂದ ಭಟ್ಕಳದ ಬಸ್ಸು ಹತ್ತಿದೆ. ತೋಟಗಾರಿಕೆ ಕಚೇರಿಯಲ್ಲಿದ್ದ ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿನಿ. ಎಲೆ, ಕಾಂಡ, ಬೇರು ಎಲ್ಲ ತಿರುಗಿಸಿ ನೋಡಿದಳು. ಯಾವಾಗ ನೆಟ್ಟದ್ದು ಎಂದು ಕೇಳಿದಳು.

"ರೋಗ ಎಂತದೂ ಇಲ್ಲ ಸರ್. ಇದಕ್ಕೆ ವಯಸ್ಸಾಯ್ತು ಅಷ್ಟೇ. ನೀವೇ ಏಳನೇ ಕ್ಲಾಸಲ್ಲಿ ಕಲ್ಸಿದ್ರಿ, ಸಸ್ಯದ ಜೀವನಚಕ್ರ."

ಕಲಿಸಿದ್ದು ನಾನೇ, ನಿಜ. ಆದರೆ ಇಡೀ ತರಗತಿಯಲ್ಲಿ ಅದನ್ನು ಕಲಿತವಳು ಅವಳೊಬ್ಬಳೇ ಎಂದು ಕಾಣುತ್ತದೆ.

ಪ್ರಯೋಗ

ಆದರೂ ಕೀಳಲಿಲ್ಲ. ಕಾಯಿ ಇರುವ ಗಿಡವನ್ನು ಕಿತ್ತು ತಲೆಕೆಳಗಾಗಿ ತೂಗುಹಾಕಿದರೆ ಕಾಯೆಲ್ಲ ಹಣ್ಣಾಗುತ್ತದೆ ಎಂದು ಮೊಬೈಲಿನಲ್ಲಿ ಯಾರೋ ತೋರಿಸಿದ್ದರು. ಒಂದು ಗಿಡ ಕಿತ್ತು ಎದುರು ಬಾಗಿಲ ಮೇಲೆ ಕಟ್ಟಿದೆ. ಉಳಿದ ಹತ್ತು ನೆಲದಲ್ಲೇ ಇರಲಿ, ಹೋಲಿಸಿ ನೋಡಬೇಕಲ್ಲ ಎಂದೆ. ಹೆಂಡತಿ ಮೊದಲು ಆಕಾಶ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ವಾರದಲ್ಲಿ ಬಾಗಿಲ ಮೇಲಿನ ಎರಡು ಕಾಯಿ ಕೆಂಪಾದವು. ನೆಲದಲ್ಲಿದ್ದವು ಅಷ್ಟರಲ್ಲಿ ಹಣ್ಣಾಗಿ, ಸಾರಾಗಿ, ನಾನೇ ಎರಡು ಸಲ ಹಾಕಿಸಿಕೊಂಡು ಉಂಡೂ ಆಗಿತ್ತು.

ಕೈಗುಣ

ಬಾಗಿಲ ಮೇಲೆ ತೂಗುತ್ತಿದ್ದ ಗಿಡವನ್ನು ಪಕ್ಕದ ಮನೆಯ ಅಕ್ಕ ಬಹಳ ಹೊತ್ತು ನೋಡಿ, ದೃಷ್ಟಿಗೆ ಕಟ್ಟಿದ್ದಾ ಎಂದು ಕೇಳಿದಳು. ಊರಲ್ಲಿ ಲೋಳೆಸರವನ್ನು ಹಾಗೆ ಕಟ್ಟುತ್ತಾರೆ. ಅಲ್ಲ, ಇದು ವಿಜ್ಞಾನ ಎಂದೆ. ಓದಿದವರು ಕಟ್ಟಿದ್ದಾರೆ ಎಂದರೆ ಇದರಲ್ಲಿ ಏನೋ ಇದೆ ಎಂದು ಅವಳಿಗೆ ಖಾತ್ರಿಯಾಯಿತು. ಹಾಲು ಕರೆಯುವಾಗ ಒದೆಯುತ್ತಿದ್ದ ತನ್ನ ದನಕ್ಕೆಂದು ಹಿತ್ತಲಿಂದ ಒಂದು ಗಿಡ ಕಿತ್ತುಕೊಂಡು ಹೋಗಿ ಕೊಟ್ಟಿಗೆ ಬಾಗಿಲಿಗೆ ಎತ್ತರದಲ್ಲಿ ಕಟ್ಟಿದಳು.

ಮೂರನೇ ದಿನ ದನ ಒದೆಯುವುದನ್ನು ಬಿಟ್ಟಿತು. ಕೆಚ್ಚಲಿನ ಗಾಯ ಮಾಗಿತ್ತು, ಅದು ನನಗೂ ಗೊತ್ತು, ದನಕ್ಕೂ ಗೊತ್ತು. ಕೇರಿಗೆ ಗೊತ್ತಿರಲಿಲ್ಲ. ಮೂಢನಂಬಿಕೆಯ ವಿರುದ್ಧ ವರ್ಷವರ್ಷ ಭಾಷಣ ಮಾಡಿದವನ ಹಿತ್ತಲಿಗೆ ಒಣಗಿದ ಗಿಡ ಕೇಳಿಕೊಂಡು ಜನ ಬರತೊಡಗಿದರು. ನಿಜ ಹೇಳಲು ಬಾಯಿ ತೆರೆದೆ. ಹಿಂದಿನಿಂದ ಹೆಂಡತಿ ಮೆಲ್ಲಗೆ, "ಸುಮ್ನಿರಿ. ಇನ್ನು ಎರಡೇ ಗಿಡ ಉಳ್ದದೆ" ಎಂದಳು.

ಬಾಯಿ ಮುಚ್ಚಿದೆ. ಸಂಜೆಯೊಳಗೆ ಜಾಗ ಖಾಲಿ, ಮರುದಿನ ಬಸಳೆ ಚಪ್ಪರಕ್ಕೆ ಗೂಟ ಬಿತ್ತು. ಪಕ್ಕದ ಮನೆಯ ಅಕ್ಕ ತಂಬಿಗೆ ತುಂಬ ಹಾಲು ತಂದು ನನ್ನ ಮುಂದೆ ಇಟ್ಟು, ಭಕ್ತಿಯಿಂದ ಹೇಳಿದಳು:

"ಬರೂ ವರ್ಷನೂ ಟೊಮೆಟೊ ನೀವೇ ನೆಡಿ ಮಾಸ್ತರೇ. ಬೇರೆಯವ್ರ ಕೈಲಿ ಇಷ್ಟು ಚಂದ ಒಣಗೂದಿಲ್ಲ."