ಮಾವನವರನ್ನು ತಡೆಯಬೇಕೋ ಬೇಡವೋ

ಷೇರು ದಲ್ಲಾಳಿಯ ಕುರ್ಚಿಯಲ್ಲಿ ಕೂತವನು ತಲೆ ಕೆಡಿಸಿಕೊಳ್ಳಲು ಎಲ್ಲಿಗೂ ಹೋಗಬೇಕಿಲ್ಲ. ಬಾಗಿಲು ತೆರೆದಿಟ್ಟರೆ ಸಾಕು, ಪ್ರಸಂಗಗಳು ತಾವಾಗಿಯೇ ಮೆಟ್ಟಿಲು ಹತ್ತಿ ಬರುತ್ತವೆ. ಚಿಕ್ಕೋಡಿಯ ನನ್ನ ಆಫೀಸಿಗೆ ಈ ಸಲ ಹಾಗೆ ಹತ್ತಿ ಬಂದವರು ನನ್ನ ಹೆಂಡತಿಯ ತಂದೆ, ನಮ್ಮ ಜಿಲ್ಲೆಯದೇ ಅನಂತಪುರದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ಮಾವನವರು. ಒಣದ್ರಾಕ್ಷಿ ಮಾರಿದ ಹಣವನ್ನೆಲ್ಲ 'ಡಬಲ್ ಫಂಡ್'ಗೆ ಹಾಕಬೇಕು ಎಂದರು.

ನಾವು ಹಾಕಿದ್ದಕ್ಕೆ ಅಷ್ಟೇ ಸಾಲ ಸೇರಿಸಿ ಷೇರು ಕೊಳ್ಳುವ ಫಂಡು ಅದು. ಏರಿದರೆ ಲಾಭ ಎರಡು ಪಟ್ಟು, ಇಳಿದರೆ ಪೆಟ್ಟೂ ಎರಡು ಪಟ್ಟು. ಇಂಥದ್ದನ್ನು ಸಾಮಾನ್ಯ ಜನರ ಕೈಗೆ ಕೊಡಬೇಕೋ ಬೇಡವೋ ಎಂದು ಸರ್ಕಾರದವರೇ ತಲೆ ಕೆರೆದುಕೊಳ್ಳುತ್ತಿದ್ದಾರೆ. ನನ್ನ ಸಂಕಟವೇ ಬೇರೆ. ಹಣ ಮುಳುಗಿದರೆ ಹೆಂಡತಿ ನನ್ನನ್ನು ಮನೆಗೆ ಸೇರಿಸುವುದಿಲ್ಲ. ನಾನು ತಡೆದ ಮೇಲೆ ಮಾರ್ಕೆಟ್ ಏರಿದರೆ ಆಗಲೂ ಸೇರಿಸುವುದಿಲ್ಲ.

ಧೈರ್ಯದ ಪರೀಕ್ಷೆ

ಅಂಜುವವರು ಇದರೊಳಗೆ ಬರಬಾರದೆಂದು ಕಂಪನಿ ಒಂದು ಪರೀಕ್ಷೆ ಇಟ್ಟಿದೆ. ಮಾವನವರು ಫೇಲಾದರೆ ನನ್ನ ತಲೆಬಿಸಿ ತಪ್ಪಿತು ಎಂದು ಖುಷಿಯಿಂದಲೇ ಕಂಪ್ಯೂಟರ್ ತೆರೆದೆ. ಒಂದೇ ದಿನದಲ್ಲಿ ನಿಮ್ಮ ಅರ್ಧ ಹಣ ಹೋದರೆ ಏನು ಮಾಡುತ್ತೀರಿ ಎಂಬುದು ಮೊದಲ ಪ್ರಶ್ನೆ.

ಮಾವನವರು ನಂಬಲಾರದೆ ನನ್ನ ಮುಖ ನೋಡಿದರು. "ಅರ್ಧ ಉಳೀತೈತೇನ್ರಿ ಅಳ್ಯಾರ?"

ಆಲಿಕಲ್ಲು ಬಿದ್ದರೆ ಇಡೀ ತೋಟವೇ ಹೋಗುತ್ತದೆ, ಅರ್ಧ ಉಳಿಸುವ ಫಂಡು ಇಷ್ಟು ದಿನ ಎಲ್ಲಿತ್ತು ಎಂದು ನನ್ನನ್ನೇ ಕೇಳಿದರು. ಉಳಿದ ಪ್ರಶ್ನೆಗಳಿಗೂ ಹೀಗೇ ಉತ್ತರ. ಕಂಪ್ಯೂಟರ್ ಅವರನ್ನು 'ಅತ್ಯಂತ ಧೈರ್ಯಶಾಲಿ' ಎಂದು ಪಾಸು ಮಾಡಿತು. ಅದೇ ಪರೀಕ್ಷೆ ಬರೆದಾಗ ನನಗೆ ಅಂಚೆ ಕಚೇರಿಯಲ್ಲೇ ಹಣ ಇಡಲು ಹೇಳಿತ್ತು.

ಸಾಹುಕಾರರ ಬುದ್ಧಿಮಾತು

ನನ್ನ ಮಾತಿಗೆ ಬೆಲೆ ಇಲ್ಲವೆಂದು, ನನ್ನಲ್ಲಿಗೆ ಬರುವ ನಿಪ್ಪಾಣಿಯ ತಂಬಾಕು ಸಾಹುಕಾರರ ಮುಂದೆ ಮಾವನವರನ್ನು ಕೂರಿಸಿದೆ. ಸಾಮಾನ್ಯ ಜನರನ್ನು ಇದರಿಂದ ದೂರ ಇಡಲೇಬೇಕು ಎಂದು ಸಾಹುಕಾರರು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಒಳ್ಳೇ ಭಾಷಣ ಮಾಡಿದರು. ನನಗೆ ಹೋದ ಜೀವ ಬಂತು. ಸಾಮಾನ್ಯ ಜನ ಅಂದರೆ ಯಾರು ಎಂದು ಮಾವನವರು ವಿನಯದಿಂದ ಕೇಳಿದರು. ಸಾಹುಕಾರರು ಸ್ವಲ್ಪ ಯೋಚಿಸಿ, ತಮ್ಮನ್ನು ಬಿಟ್ಟು ಉಳಿದವರು ಎಂದರು. ತಾವು ಹೋದ ವಾರವೇ ಇದಕ್ಕೆ ಹಣ ಹಾಕಿದ್ದಾಗಿಯೂ ಹೇಳಿಬಿಟ್ಟರು.

ಮೆಟ್ಟಿಲು ಇಳಿಯುವಾಗ ಮಾವನವರು ನನ್ನ ಕಿವಿಯಲ್ಲಿ, "ದೊಡ್ಡವರು ಬ್ಯಾಡ ಅನ್ನಾಕತ್ತಾರಂದ್ರ ಒಳಗ ಏನೋ ಐತ್ರಿ" ಎಂದರು.

ಸುಳ್ಳು ಲಾಭ

ಒಂದು ವಾರ ದುಡ್ಡು ಹಾಕದೆ ಬರೀ ಬಾಯಿಲೆಕ್ಕದಲ್ಲಿ ಆಡಿ ನೋಡೋಣ, ಪೆಟ್ಟು ಬಿದ್ದರೆ ತಾವಾಗಿಯೇ ಸುಮ್ಮನಾಗುತ್ತಾರೆ ಎಂದುಕೊಂಡೆ. ನನ್ನ ಗ್ರಹಚಾರ, ಆ ವಾರವಿಡೀ ಮಾರ್ಕೆಟ್ ಏರಿತು. ಬಾಯಿಲೆಕ್ಕದಲ್ಲಿ ಬಂದ ಲಾಭಕ್ಕೆ ಮಾವನವರು ಓಣಿ ತುಂಬ ನಿಜವಾದ ಪೇಢೆ ಹಂಚಿದರು. ಆ ಪೇಢೆಯ ಖರ್ಚೇ ಈ ವ್ಯವಹಾರದಲ್ಲಿ ಅವರಿಗಾದ ಮೊದಲ ನಷ್ಟ. ನಾನೂ ಎರಡು ತಿಂದೆ.

ರೆಕಾರ್ಡ್ ಆದ ಮಾತು

ಕೊನೆಗೆ ಉಳಿದದ್ದು ಫೋನು. ಅಪಾಯಗಳನ್ನು ನಾನೇ ಗಿರಾಕಿಗೆ ಓದಿ ಹೇಳಬೇಕು, ಅದು ಕಂಪನಿಯಲ್ಲಿ ರೆಕಾರ್ಡ್ ಆಗಬೇಕು ಎಂಬುದು ನಿಯಮ. ಎದೆ ನಡುಗುವಂತೆ ಮೂರು ಸಲ ಓದಿದೆ. ಮೂರು ಸಲವೂ ಆ ಕಡೆಯಿಂದ "ಹೌದ್ರಿ, ನೀವು ಹೇಳಿದ ಮ್ಯಾಲ ಮುಗೀತು" ಎಂದೇ ಉತ್ತರ. ಕೊನೆಯದು, ಈ ಫಂಡು ನಿಮಗೆ ಯಾಕೆ ಬೇಕು ಎಂಬ ಪ್ರಶ್ನೆ.

"ನನಗ್ಯಾಕ ಬೇಕ್ರಿ ಇದು?" ಎಂದರು ಮಾವನವರು. "ನಿಮ್ಮ ಆಫೀಸಿಗೆ ಗಿರಾಕಿನ ಇಲ್ಲ, ಮುಚ್ಚೋ ಹಂಗ ಆಗೇತಿ ಅಂತ ಮಗಳು ಅಳಾಕತ್ತಿದ್ಲು. ಅದಕ್ಕ ಬಂದೀನಿ."

ಇಷ್ಟು ದಿನ ಅವರನ್ನು ಆಸೆಬುರುಕ ಮುದುಕ ಎಂದುಕೊಂಡಿದ್ದೆ. ಅಲ್ಲೇ ಅರ್ಜಿ ರದ್ದು ಮಾಡಿ, ಇದೆಲ್ಲ ಕಂಪನಿಯವರಿಗೆ ಕೇಳಿಸುತ್ತದೆ, ಫೋನ್ ಇಡಿ ಎಂದು ಪಿಸುಗುಟ್ಟಿದೆ.

ಮಾವನವರು ದನಿ ಏರಿಸಿದರು. "ಕಂಪನಿ ಸಾಹೇಬ್ರ, ಕೇಳಾಕತ್ತೀರೇನ್ರಿ? ದುಡ್ಡು ಮುಳುಗ್ತೈತಿ ಅಂತ ನಮ್ಮ ಅಳ್ಯಾರು ಮೂರ ಸಲ ಹೇಳ್ಯಾರ, ಅವರದೇನೂ ತಪ್ಪಿಲ್ಲ. ಎಷ್ಟ ಮುಳುಗಿದ್ರ ಅವರ ಆಫೀಸ ಉಳೀತೈತಿ, ಅಷ್ಟ ಹೇಳ್ರಿ. ಹಾಕಿ ಬಿಡ್ತೀನಿ."